ಒಂಬತ್ತನೇ ಪ್ರಶ್ನೆ: ನನ್ನ ಕ್ಲಿನಿಕಲ್ ಪ್ಲೇಸ್‌ಮೆಂಟಿನ ಆರು ತಿಂಗಳು

ಪ್ಲೇಸ್‌ಮೆಂಟ್ ಅಂದರೆ ಓದಿನ ಭಾಗವಾಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಕಲಿಯುವುದು. ಅದರ ಮೊದಲ ಎರಡು ತಿಂಗಳು ನಾನು, ನನ್ನ ಕೆಲಸ ನೋಡಿ ತಿದ್ದುವ ಸೂಪರ್‌ವೈಸರ್ ಹತ್ತಿರ ಚೆನ್ನಾಗಿ ಆದ ಸೆಷನ್‌ಗಳನ್ನು ಮಾತ್ರ ಒಯ್ಯುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದು ಬಹುಪಾಲು ಇದರ ಸುತ್ತಲೇ ಇದೆ. ಕ್ಲಿನಿಕಲ್ ಸೈಕಾಲಜಿ ಓದುತ್ತಿರುವವರು, ಇನ್ನೇನು ಪ್ಲೇಸ್‌ಮೆಂಟಿಗೆ ಹೊರಡುವವರು ಓದಿದರೆ ಒಂದಿಷ್ಟು ಉಪಯೋಗ ಆಗಬಹುದು ಅಂತ ಆಸೆ. ಕ್ಲೈಂಟ್‌ಗಳ ಗುರುತು ಸಿಗಬಾರದು, ಹಾಗಾಗಿ ಅವರ ವಿವರಗಳನ್ನು ಬದಲಿಸಿ ಬರೆದಿದ್ದೇನೆ.

ಮೊದಲ ವರ್ಷ ಕಾಲೇಜಿನದ್ದೇ ಕ್ಲಿನಿಕ್‌ನಲ್ಲಿ ಕೆಲಸ ಕಲಿತೆವು. ಅಲ್ಲಿಗೆ ಬರುವವರನ್ನು ಟೀಚರ್‌ಗಳು ಮೊದಲೇ ನೋಡಿರುತ್ತಿದ್ದರು. ಕಲಿಯುವವರ ಕೈಲಿ ಆಗುತ್ತದೆ ಅನ್ನಿಸಿದ ಕೇಸ್ ಮಾತ್ರ ನಮ್ಮ ಕೈಗೆ ಬರುತ್ತಿತ್ತು. ಒಂದೇ ಕಡೆಯಿಂದ ಕಾಣುವ ಕನ್ನಡಿಯ ಆಚೆ ನಮ್ಮನ್ನು ನೋಡುತ್ತಾ ಯಾರಾದರೂ ಒಬ್ಬರು ಕೂತಿರುತ್ತಿದ್ದರು. ಎರಡನೇ ವರ್ಷ ಹೊರಗೆ ಕಳಿಸಿದರು. ನನಗೆ ಸಿಕ್ಕಿದ್ದು ಒಂದು ಆಸ್ಪತ್ರೆಯ ಮನೋರೋಗ ವಿಭಾಗ. ಅಲ್ಲಿನ ಒಬ್ಬ ಸೈಕಾಲಜಿಸ್ಟ್ ನಮ್ಮ ಸೂಪರ್‌ವೈಸರ್. ನಾನು ನೋಡುವ ಪ್ರತಿಯೊಬ್ಬ ಕ್ಲೈಂಟಿನ ಕೊನೆಯ ಜವಾಬ್ದಾರಿ ಅವರದ್ದು. 1949ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ಸಮ್ಮೇಳನ ನಡೆದು, ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವವರಿಗೆ ಸಂಶೋಧನೆ, ಚಿಕಿತ್ಸೆ ಎರಡರಲ್ಲೂ ತರಬೇತಿ ಬೇಕು, ಒಂದು ವರ್ಷದ ಇಂಟರ್ನ್‌ಶಿಪ್ ಬೇಕು ಅಂತ ತೀರ್ಮಾನ ಆಗಿತ್ತು ಅನ್ನುವುದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಯಾಕೆ ಬೇಕು ಅನ್ನುವುದು ಗೊತ್ತಾಗಿದ್ದು ಒಪಿಡಿ ಬಾಗಿಲಲ್ಲಿ ನಿಂತು, ಒಳಗೆ ಬರುವ ಮುಂದಿನವರು ಯಾರು, ಏನು ಹೇಳುತ್ತಾರೆ ಅನ್ನುವುದು ಒಂಚೂರೂ ಗೊತ್ತಿಲ್ಲದೆ ಕಾಯುವಾಗ.

ಹೋಗುವ ಮುಂಚೆ ಒಂದು ಒಪ್ಪಂದಕ್ಕೆ ಮೂವರೂ ಸಹಿ ಹಾಕಬೇಕು: ನಾನು, ಆಸ್ಪತ್ರೆಯ ಸೂಪರ್‌ವೈಸರ್, ಕಾಲೇಜಿನ ಕೋಆರ್ಡಿನೇಟರ್. ನಾನು ಓದದೆ ಸಹಿ ಹಾಕಿದೆ. ನೀವು ಹಾಗೆ ಮಾಡಬೇಡಿ. ವಾರಕ್ಕೆ ಎಷ್ಟು ಹೊತ್ತು ಸೂಪರ್‌ವಿಷನ್, ಅದು ಒಬ್ಬೊಬ್ಬರಿಗೇ ಬೇರೆಯಾಗಿಯೋ ಗುಂಪಿನಲ್ಲೋ, ಸೂಪರ್‌ವೈಸರ್ ರಜೆ ಇದ್ದ ದಿನ ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು, ಇದಿಷ್ಟನ್ನು ಕೇಳಿ ಬರೆಸಿಕೊಳ್ಳಿ. ಕೊನೆಯ ಪ್ರಶ್ನೆ ಜಾಸ್ತಿ ಮುಖ್ಯ.

ಮೊದಲ ಎರಡು ವಾರ ನನಗೆ ಮಾತಾಡುವುದಕ್ಕೇ ಬಿಡಲಿಲ್ಲ. ಮೇಡಂ, ಅಂದರೆ ನಮ್ಮ ಸೂಪರ್‌ವೈಸರ್, ಕ್ಲೈಂಟ್ ನೋಡುವಾಗ ಮೂಲೆಯ ಕುರ್ಚಿಯಲ್ಲಿ ಕೂತು ನೋಡಬೇಕು, ಆಮೇಲೆ ನೋಡಿದ್ದನ್ನು ಬರೆದು ತೋರಿಸಬೇಕು. ಸುಮ್ನೆ ಕೂರಿಸಿದ್ದಾರೆ, ಗಂಟೆ ಹಾಳಾಗುತ್ತಿದೆ ಅಂತ ಬೇಜಾರಾಗಿತ್ತು. ನಾನು ಬರೆದುಕೊಟ್ಟ ಮೊದಲ ಮೆಂಟಲ್ ಸ್ಟೇಟಸ್ ಎಕ್ಸಾಮಿನೇಷನ್ (ಕ್ಲೈಂಟಿನ ನಡವಳಿಕೆ, ಮಾತು, ಮನಸ್ಸಿನ ಸ್ಥಿತಿ ಹೇಗಿತ್ತು ಅನ್ನುವ ವರದಿ) ವಾಪಸ್ ಬಂದಾಗ ಆ ಬೇಜಾರು ಹೋಯಿತು. 'ಕ್ಲೈಂಟ್ ದುಃಖದಲ್ಲಿದ್ದಾರೆ' ಅಂತ ಬರೆದಿದ್ದೆ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ, 'ಹೇಗೆ ಗೊತ್ತಾಯ್ತು?' 'ಕುಟುಂಬದ ಬೆಂಬಲ ಚೆನ್ನಾಗಿದೆ' ಅನ್ನುವುದರ ಪಕ್ಕದಲ್ಲೂ ಅದೇ, 'ಹೇಗೆ ಗೊತ್ತಾಯ್ತು?' ಒಂದೇ ಹಾಳೆಯಲ್ಲಿ ಏಳು ಕಡೆ.

ಮೇಡಂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮೂಡ್ ಅಂದರೆ ಅವರು ತಮ್ಮ ಬಾಯಿಂದ ಹೇಳಿದ್ದು, ಅದನ್ನು ಅವರ ಮಾತಿನಲ್ಲೇ ಬರಿ. ಅಫೆಕ್ಟ್ ಅಂದರೆ ನಿನಗೆ ಕಂಡಿದ್ದು: ಮುಖ, ದನಿ, ಕೈ, ಕಣ್ಣು. ಎರಡೂ ಒಂದಕ್ಕೊಂದು ಹೊಂದುತ್ತದಾ ಇಲ್ಲವಾ ಅಂತ ಆಮೇಲೆ ನೋಡು. ಆವತ್ತು ಬಂದಿದ್ದ ಹೆಂಗಸು 'ಏನೂ ಅನ್ನಿಸ್ತಾ ಇಲ್ಲ, ಖಾಲಿ' ಅಂದಿದ್ದರು. ದುಃಖ ಅನ್ನುವ ಪದವನ್ನು ಅವರು ಹೇಳೇ ಇರಲಿಲ್ಲ, ಅದು ನಾನು ಸೇರಿಸಿದ್ದು. ನಲವತ್ತು ನಿಮಿಷದಲ್ಲಿ ಅವರು ಒಂದೇ ಸಲ ದನಿ ಏರಿಸಿದ್ದರು, ಅದೂ ತಂಗಿಯ ಹೆಸರು ಬಂದಾಗ. ನನ್ನ ಬರಹದಲ್ಲಿ ತಂಗಿಯೇ ಇರಲಿಲ್ಲ. ಮುಂದಿನ ವಾರದಿಂದ ನಾನು ಮೂಲೆಯಲ್ಲಿ ಬೇರೆ ಥರ ಕೂತೆ.

ಮೂರನೇ ವಾರ ನನ್ನದೇ ಕ್ಲೈಂಟ್‌ಗಳು ಬಂದರು. ಮೊದಲ ದಿನ ಎಲ್ಲಕ್ಕಿಂತ ಕಷ್ಟ ಆಗಿದ್ದು 'ನಾನು ಇನ್ನೂ ಕಲಿಯುತ್ತಿರುವವಳು' ಅನ್ನುವ ಒಂದು ಮಾತು. ಅದನ್ನು ಬಾಯೊಳಗೇ ಗೊಣಗಿ, ಬೇಗ ಬೇಗ ಮುಂದೆ ಹೋಗಿಬಿಟ್ಟೆ. ಹೇಳಿದರೆ ಎದ್ದು ಹೋಗುತ್ತಾರೆ ಅನ್ನುವ ಭಯ. ಮೇಡಂ ರೆಕಾರ್ಡಿಂಗ್ ಕೇಳಿ ಅದನ್ನು ಅಲ್ಲೇ ಹಿಡಿದರು. ಎದುರು ಕೂತವರು ಯಾರ ಹತ್ತಿರ ಮನಸ್ಸು ಬಿಚ್ಚುತ್ತಿದ್ದಾರೆ ಅಂತ ತಿಳಿದುಕೊಳ್ಳುವುದು ಅವರ ಹಕ್ಕು. ನೀನು ತರಬೇತಿಯಲ್ಲಿ ಇದ್ದೀಯ, ನಿನ್ನ ಸೂಪರ್‌ವೈಸರ್ ಹೆಸರು ಇಂಥದ್ದು, ಇಲ್ಲಿ ಮಾತಾಡಿದ್ದು ಅವರಿಗೂ ಗೊತ್ತಾಗುತ್ತದೆ, ರೆಕಾರ್ಡ್ ಮಾಡುವುದಕ್ಕೆ ಒಪ್ಪದಿದ್ದರೂ ಚಿಕಿತ್ಸೆಗೆ ತೊಂದರೆ ಇಲ್ಲ, ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಗುಟ್ಟಾಗಿ ಇಡಲು ಆಗುವುದಿಲ್ಲ. ಇಷ್ಟನ್ನೂ ನಿಧಾನವಾಗಿ, ಅವರ ಮುಖ ನೋಡಿಕೊಂಡು ಹೇಳಬೇಕು. ಆಮೇಲೆ ನಾನು ಹಾಗೇ ಹೇಳತೊಡಗಿದೆ. ಆರು ತಿಂಗಳಲ್ಲಿ ಬೇರೆಯವರು ಬೇಕು ಅಂದವರು ಇಬ್ಬರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ, ಅಲ್ವಾ?

ಈಗ ಆ ಒಳ್ಳೆಯ ಸೆಷನ್‌ಗಳ ವಿಷಯ. ಪ್ರತಿ ಗುರುವಾರ ಮಧ್ಯಾಹ್ನ ಒಂದು ಗಂಟೆ ಸೂಪರ್‌ವಿಷನ್. ರೆಕಾರ್ಡಿಂಗ್‌ನ ಒಂದು ಭಾಗ ಕೇಳಿಸಬೇಕು, ಯಾವ ಭಾಗ ಅನ್ನುವ ಆಯ್ಕೆ ನನ್ನದು. ಕ್ಲೈಂಟ್ ಅತ್ತು, ನಾನು ಸರಿಯಾದ ಮಾತಾಡಿ, ಅವರು 'ಹೌದು, ಅದೇ' ಅಂದಿರುವ ಭಾಗವನ್ನೇ ಹುಡುಕುತ್ತಿದ್ದೆ. ಬುಧವಾರ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಅಂಥ ಐದು ನಿಮಿಷಕ್ಕಾಗಿ ಎರಡು ಗಂಟೆ ಹುಡುಕಿದ್ದೂ ಇದೆ. ಅಂಕ ಕೊಡುವವರೂ ಇವರೇ, ಸಹಿ ಹಾಕುವವರೂ ಇವರೇ ಅಂದಾಗ ಕೈಲಾಗದ್ದನ್ನು ತೋರಿಸುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ನಿಕೋಲಸ್ ಲಡನಿ ಮತ್ತು ಅವರ ಜೊತೆಯವರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತರಬೇತಿಯಲ್ಲಿರುವ 108 ಥೆರಪಿಸ್ಟ್‌ಗಳನ್ನು ಸೂಪರ್‌ವೈಸರ್‌ಗೆ ಏನು ಹೇಳದೆ ಬಿಟ್ಟಿದ್ದೀರಿ ಅಂತ ಕೇಳಿದಾಗ, ಹೆಚ್ಚುಕಡಿಮೆ ಎಲ್ಲರೂ ಏನಾದರೊಂದನ್ನು ಮುಚ್ಚಿಟ್ಟಿದ್ದರು. ಅದನ್ನು ಓದಿ ನನಗೆ ಸ್ವಲ್ಪ ಸಮಾಧಾನ ಆಯಿತು, ಆದರೆ ನಾನು ಅದನ್ನು ಓದಿದ್ದು ಮುಂದೆ ಹೇಳುವ ಘಟನೆ ಆದ ಮೇಲೆ.

ಒಂಬತ್ತನೇ ವಾರ. ಐವತ್ತರ ಆಸುಪಾಸಿನ ಒಬ್ಬರು ನಿದ್ದೆ ಬರುವುದಿಲ್ಲ ಅಂತ ಬಂದಿದ್ದರು. ನನ್ನನ್ನು 'ಅಮ್ಮಾ' ಅಂತಲೇ ಮಾತಾಡಿಸುತ್ತಿದ್ದರು. ಅದು ಅವರ ಎರಡನೇ ಸೆಷನ್. ಪಿಎಚ್‌ಕ್ಯೂ-9 ತುಂಬಿಸಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಖಿನ್ನತೆ ಎಷ್ಟಿದೆ ಅಂತ ನೋಡಲು 2001ರಲ್ಲಿ ಪ್ರಕಟವಾದ ಒಂಬತ್ತು ಪ್ರಶ್ನೆಗಳ ಸಣ್ಣ ಪಟ್ಟಿ. ಕಳೆದ ಎರಡು ವಾರದಲ್ಲಿ ಯಾವ ತೊಂದರೆ ಎಷ್ಟು ದಿನ ಇತ್ತು ಅಂತ ಸೊನ್ನೆಯಿಂದ ಮೂರರವರೆಗೆ ಗುರುತು ಹಾಕಬೇಕು, ಒಟ್ಟು ಹೆಚ್ಚೆಂದರೆ 27. ಹತ್ತರಿಂದ ಹದಿನಾಲ್ಕು ಬಂದರೆ ಮಧ್ಯಮ ಮಟ್ಟದ ಖಿನ್ನತೆ ಇರಬಹುದು ಅಂತ ಲೆಕ್ಕ. ಅವರದ್ದು ಹದಿಮೂರು ಬಂತು. ಒಂಬತ್ತನೇ ಪ್ರಶ್ನೆ ಕೇಳುವುದು ಸತ್ತರೆ ವಾಸಿ ಅನ್ನಿಸುವುದರ ಬಗ್ಗೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ ಅವರು 'ಕೆಲವು ದಿನ' ಅಂತ ಗುರುತು ಹಾಕಿದ್ದರು. ಒಂದು ಅಂಕ.

ಒಟ್ಟು ಎಷ್ಟೇ ಇರಲಿ, ಆ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಏನೇ ಗುರುತು ಇದ್ದರೂ ಅದರ ಬಗ್ಗೆ ಅಲ್ಲೇ, ಆಗಲೇ ಕೇಳಬೇಕು. ಇದು ನನಗೆ ಗೊತ್ತಿತ್ತು. ಬರೆದು ಪಾಸಾಗಿದ್ದೆ. ಆದರೂ ಕೇಳಲಿಲ್ಲ. ಹದಿಮೂರು, ಮಧ್ಯಮ ಅಂತ ಬರೆದುಕೊಂಡು ನಿದ್ದೆಯ ವಿಷಯಕ್ಕೆ ಹೋದೆ. ಎಷ್ಟು ಗಂಟೆಗೆ ಮಲಗುತ್ತೀರಿ, ಮಧ್ಯೆ ಎಷ್ಟು ಸಲ ಎಚ್ಚರ ಆಗುತ್ತದೆ. ಅವರು ಉತ್ತರ ಕೊಡುತ್ತಾ ಹೋದರು. ಹೋಗುವಾಗ ಬಾಗಿಲ ಹತ್ತಿರ ನಿಂತು 'ಬರ್ತೀನಮ್ಮಾ' ಅಂದರು.

ಸಂಜೆ ನೋಟ್ಸ್ ಬರೆಯುವುದಕ್ಕೆ ಫಾರ್ಮ್ ತೆಗೆದಾಗ ಆ ಗುರುತು ಮತ್ತೆ ಕಣ್ಣಿಗೆ ಬಿತ್ತು. ಕೈಕಾಲು ತಣ್ಣಗಾಯಿತು. ಮೇಡಂಗೆ ಫೋನ್ ಮಾಡಿ, ಒಂಬತ್ತನೆಯದನ್ನು ನೋಡಲಿಲ್ಲ ಮೇಡಂ, ಈಗ ನೋಡಿದೆ ಅಂದೆ. ಅವರು ಬೈಯಲಿಲ್ಲ. ಫೈಲ್‌ನಲ್ಲಿ ಫೋನ್ ನಂಬರ್ ಇದೆಯಾ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ, ಹೋಗುವಾಗ ಏನು ಹೇಳಿದರು ಅಂತ ಒಂದೊಂದೇ ಕೇಳಿದರು. ಹತ್ತು ನಿಮಿಷದಲ್ಲಿ ವಿಭಾಗಕ್ಕೆ ಬಂದರು. ಇಬ್ಬರೂ ಕೂತು ಅವರಿಗೆ ಫೋನ್ ಮಾಡಿದೆವು. ರಿಂಗ್ ಆಗುತ್ತಲೇ ಇತ್ತು, ಎತ್ತಲಿಲ್ಲ. ಎರಡನೇ ಸಲ ಎತ್ತಿದರು. ಮೇಡಂ ತಮ್ಮ ಪರಿಚಯ ಹೇಳಿ, ಫಾರ್ಮಿನಲ್ಲಿ ಹೀಗೆ ಗುರುತು ಹಾಕಿದ್ದೀರಿ, ಅದರ ಬಗ್ಗೆ ನಾವು ಆಗಲೇ ಮಾತಾಡಬೇಕಿತ್ತು, ಈಗ ಕೇಳುತ್ತಿದ್ದೇನೆ ಅಂತ ನೇರವಾಗಿ ಕೇಳಿದರು. ಯೋಚನೆ ಇದೆ, ಆದರೆ ಏನೂ ಮಾಡಿಕೊಳ್ಳುವ ಇರಾದೆ ಇಲ್ಲ, ಮನೆಯಲ್ಲಿ ಹೆಂಡತಿ ಇದ್ದಾರೆ ಅಂದರು ಅವರು. ಹೆಂಡತಿಯ ಹತ್ತಿರ ಮಾತಾಡಬಹುದಾ ಅಂತ ಕೇಳಿ, ಅವರು ಒಪ್ಪಿದ ಮೇಲೆ ಅವರ ಹತ್ತಿರವೂ ಮಾತಾಡಿದರು. ಮರುದಿನ ಬೆಳಿಗ್ಗೆಗೆ ಇಬ್ಬರನ್ನೂ ಬರಹೇಳಿದರು. ಅಷ್ಟರೊಳಗೆ ಏನಾದರೂ ಆದರೆ ಎಲ್ಲಿಗೆ ಬರಬೇಕು, ಯಾವ ನಂಬರಿಗೆ ಮಾಡಬೇಕು ಅಂತ ನಿಧಾನವಾಗಿ ಎರಡು ಸಲ ಹೇಳಿದರು.

ಮರುದಿನ ಮೇಡಂ ಸೆಷನ್‌ನಲ್ಲಿ ಜೊತೆಗೆ ಕೂತರು. ಮೂವರೂ ಸೇರಿ ಸೇಫ್ಟಿ ಪ್ಲಾನ್ ಬರೆದೆವು. ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ರೂಪಿಸಿದ ಆ ಪ್ಲಾನ್‌ನಲ್ಲಿ ಆರು ಹಂತ ಇವೆ. ಯೋಚನೆ ಜೋರಾಗುವ ಮುಂಚಿನ ಸೂಚನೆ ಏನು, ಆಗ ಒಬ್ಬರೇ ಏನು ಮಾಡಬಹುದು, ಯಾರ ಜೊತೆ ಅಥವಾ ಎಲ್ಲಿ ಇದ್ದರೆ ಮನಸ್ಸು ಬೇರೆ ಕಡೆ ಹೋಗುತ್ತದೆ, ಯಾರ ಹತ್ತಿರ ಸಹಾಯ ಕೇಳಬಹುದು, ಯಾವ ಡಾಕ್ಟರ್ ಅಥವಾ ಸಹಾಯವಾಣಿಗೆ ಫೋನ್ ಮಾಡಬೇಕು, ಮನೆಯಲ್ಲಿ ಅಪಾಯ ಆಗಬಹುದಾದ್ದನ್ನು ಕೈಗೆ ಸಿಗದಂತೆ ಮಾಡುವುದು ಹೇಗೆ. ನಾನು ಮೊದಲ ಸಾಲಿಗೆ 'ಆತಂಕ ಹೆಚ್ಚಾದಾಗ' ಅಂತ ಬರೆಯಲು ಹೋದೆ. ಮೇಡಂ ಪೆನ್ ತೆಗೆದು ಅವರ ಕೈಗೇ ಕೊಟ್ಟರು. ಅವರು ಯೋಚಿಸಿ, 'ರಾತ್ರಿ ಎದ್ದು ಹಾಲ್‌ನಲ್ಲಿ ಲೈಟ್ ಹಾಕದೆ ಕೂತಾಗ' ಅಂತ ಬರೆದರು. ಓದಿದ ಹೆಂಡತಿ ಅವರ ಮುಖವನ್ನೇ ನೋಡುತ್ತಾ ಕೂತರು. ರಾತ್ರಿ ಹಾಗೆ ಕೂರುತ್ತಾರೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಫೋನಿನಲ್ಲಿ ನಾನು ಹೇಳಿದ್ದು ಸುಳ್ಳು. 'ನೋಡಲಿಲ್ಲ' ಅಂದಿದ್ದೆ. ನೋಡಿದ್ದೆ. ಅಂಕ ಕೂಡಿಸುವಾಗ ಒಂಬತ್ತನೇ ಸಾಲಿನ ಆ ಗುರುತಿನ ಮೇಲೆ ಪೆನ್ ಒಂದು ಕ್ಷಣ ನಿಂತಿತ್ತು. ಕೇಳಿದರೆ ಹೌದು ಅಂದುಬಿಟ್ಟರೆ ಮುಂದೇನು ಅಂತ ಗೊತ್ತಾಗದೆ, ಇದು ಒಂದೇ ಅಂಕ ಅಲ್ವಾ ಅಂದುಕೊಂಡು ಮುಂದೆ ಹೋಗಿದ್ದೆ. ಎರಡು ದಿನ ಇದನ್ನು ಇಟ್ಟುಕೊಂಡು ಓಡಾಡಿದೆ. ಗುರುವಾರ ಹೋದವಳೇ, ರೆಕಾರ್ಡಿಂಗ್ ಹಾಕುವ ಮುಂಚೆ, ಮೇಡಂ ನಾನು ಆವತ್ತು ನೋಡಿದ್ದೆ ಅಂದೆ.

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಇದನ್ನು ನೀನು ಆವತ್ತೇ ಹೇಳಬೇಕಿತ್ತು. ಗಮನ ತಪ್ಪಿದ್ದಕ್ಕೆ ಬೇರೆ ಪರಿಹಾರ, ಹೆದರಿದ್ದಕ್ಕೆ ಬೇರೆ ಪರಿಹಾರ. ನಾನು ತಪ್ಪು ಪರಿಹಾರ ಕೊಡ್ತಾ ಇದ್ದೆ' ಅಂದರು. ನಿಜ, ಅದಾಗಲೇ ಅವರು ನನಗಾಗಿ ಫಾರ್ಮ್ ಪರೀಕ್ಷಿಸುವ ಚೆಕ್‌ಲಿಸ್ಟ್ ಒಂದನ್ನು ಮಾಡಿಟ್ಟಿದ್ದರು. ಅದನ್ನು ಪಕ್ಕಕ್ಕೆ ಸರಿಸಿ, 'ಆ ಪ್ರಶ್ನೆಯನ್ನು ಈಗ ನನ್ನನ್ನು ಕೇಳು' ಅಂದರು.

ಕೇಳಲು ಹೋದೆ. 'ನಿಮಗೆ... ಏನಾದರೂ ಆ ಥರದ ಯೋಚನೆ...' ಅಂತ ತೊದಲಿದೆ. 'ಯಾವ ಥರದ್ದು?' ಅಂದರು. ಸಾಯುವುದು ಅನ್ನುವ ಪದವನ್ನು ಎದುರು ಕೂತ ಮನುಷ್ಯರಿಗೆ ನಾನು ಯಾವತ್ತೂ ಬಾಯಿ ಬಿಟ್ಟು ಹೇಳಿಯೇ ಇರಲಿಲ್ಲ. ಓದಿದ್ದೆ, ಬರೆದಿದ್ದೆ, ಸೆಮಿನಾರ್ ಮಾಡಿದ್ದೆ. ಆ ಗಂಟೆಯಲ್ಲಿ ಹದಿನೈದಿಪ್ಪತ್ತು ಸಲ ಹೇಳಿಸಿದರು. 'ಸಾಯಬೇಕು ಅನ್ನಿಸುತ್ತದಾ?' 'ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯಾ?' 'ಹೇಗೆ, ಯಾವಾಗ ಅಂತ ಯೋಚಿಸಿದ್ದೀರಾ?' 'ಈವರೆಗೆ ತಡೆದಿರುವುದು ಏನು?' ಅವರು ಒಂದು ಸಲ ಹೌದು ಅಂದರು, ಒಂದು ಸಲ ಇಲ್ಲ ಅಂದರು, ಒಂದು ಸಲ ಸಿಟ್ಟಾದರು, ಒಂದು ಸಲ ಸುಮ್ಮನೆ ಕೂತರು. ಪ್ರತಿ ಸಲವೂ ಮುಂದಿನ ಮಾತು ನಾನೇ ಹುಡುಕಬೇಕು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದ ಹಾಗೆ ಆಗುತ್ತದೆ ಅನ್ನುವ ಭಯ ತುಂಬ ಜನಕ್ಕಿದೆ. ಇದನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು, ಆದರೂ ನಾಲಿಗೆ ಏಳದೆ ಇರುವುದು ಬೇರೆಯದೇ ತೊಂದರೆ. ಅದಕ್ಕೆ ಇದ್ದ ದಾರಿ ನಾಲಿಗೆಯನ್ನು ಪಳಗಿಸುವುದು.

ಒಂದು ತಿಂಗಳು ಹೊಸ ನಿಯಮವನ್ನೂ ಹಾಕಿದರು. ಒಂಬತ್ತನೇ ಪ್ರಶ್ನೆಗೆ ಸೊನ್ನೆ ಅಲ್ಲದ ಯಾವ ಉತ್ತರ ಬಂದರೂ, ಕ್ಲೈಂಟ್ ಆಸ್ಪತ್ರೆಯಿಂದ ಹೊರಡುವ ಮುಂಚೆ ಮೇಡಂಗೆ ತಿಳಿಸಬೇಕು. ಅವರು ಮೀಟಿಂಗ್‌ನಲ್ಲಿ ಇದ್ದರೂ ಬಾಗಿಲು ತಟ್ಟಬೇಕು. ನಾಲ್ಕು ಸಲ ತಟ್ಟಿದೆ. ನಾಲ್ಕೂ ಸಲ ಎದ್ದು ಬಂದರು.

ಆಮೇಲೆ ಗುರುವಾರಗಳು ಬದಲಾದವು. ಕೇಳಿಸುವ ಭಾಗವನ್ನು ಇನ್ನು ಮುಂದೆ, ನನಗೆ ಎಲ್ಲಿ ಹೊಟ್ಟೆಯಲ್ಲಿ ಕಸಿವಿಸಿ ಆಯಿತೋ ಅಲ್ಲಿಂದ ಆರಿಸಿಕೊಂಡು ಬಾ ಅಂದರು. 1960ರ ದಶಕದಲ್ಲಿ ನಾರ್ಮನ್ ಕೇಗನ್ ಶುರು ಮಾಡಿದ ಒಂದು ಪದ್ಧತಿಯನ್ನು ಅವರು ಬಳಸುತ್ತಿದ್ದರು. ರೆಕಾರ್ಡಿಂಗ್ ಓಡುತ್ತಿರುತ್ತದೆ, ನಿಲ್ಲಿಸುವ ಬಟನ್ ನನ್ನ ಕೈಯಲ್ಲಿ. ಎಲ್ಲಿ ಏನಾದರೂ ನೆನಪಾಯಿತೋ ಅಲ್ಲಿ ನಿಲ್ಲಿಸಿ, ಆಗ ಒಳಗೆ ಏನು ನಡೆಯುತ್ತಿತ್ತು ಅಂತ ಹೇಳಬೇಕು. ಅವರು ಸರಿ ತಪ್ಪು ಹೇಳುವುದಿಲ್ಲ, ಬರೀ ಕೇಳುತ್ತಾರೆ. ಆಗ ಏನನ್ನಿಸಿತು, ಅದನ್ನು ಕ್ಲೈಂಟಿಗೆ ಹೇಳಬೇಕು ಅನ್ನಿಸಿತಾ, ಹೇಳದಂತೆ ತಡೆದಿದ್ದು ಏನು. ಹೀಗೆ ಕೇಳುತ್ತಾ ಒಂದು ವಿಷಯ ಹೊರಗೆ ಬಂತು. ಕ್ಲೈಂಟ್ ಸುಮ್ಮನಾದ ಕೂಡಲೇ ನಾನು ಬಾಯಿ ಹಾಕುತ್ತೇನೆ. ಒಂದು ಸೆಷನ್‌ನಲ್ಲಿ ಎಣಿಸಿದೆವು, ಐದು ಸೆಕೆಂಡ್ ದಾಟಿದ ಮೌನ ಒಂದೂ ಇರಲಿಲ್ಲ. ಒಬ್ಬ ಹುಡುಗಿ 'ಅಪ್ಪ ಇದ್ದಾಗ...' ಅಂತ ಶುರು ಮಾಡಿ ನಿಂತಿದ್ದಳು. ನಾನು ತಕ್ಷಣ 'ಕಾಲೇಜು ಹೇಗೆ ನಡೀತಿದೆ?' ಅಂದಿದ್ದೆ. ಅದನ್ನು ಸ್ಪೀಕರ್‌ನಲ್ಲಿ ಕೇಳಿಸಿಕೊಳ್ಳುವಾಗ ತುಂಬ ನೋವಾಯಿತು. ಮುಂದಿನ ವಾರ ಅವಳ ಹತ್ತಿರ, ಹೋದ ಸಲ ನೀನು ಅಪ್ಪನ ಬಗ್ಗೆ ಏನೋ ಹೇಳಲು ಹೊರಟಿದ್ದೆ, ನಾನು ಅಡ್ಡ ಬಂದೆ ಅಂದೆ. ಅವಳು ಕಿಟಕಿ ಕಡೆ ನೋಡುತ್ತಾ ತುಂಬ ಹೊತ್ತು ಕೂತಳು. ನಾನು ಕೈ ಕಟ್ಟಿಕೊಂಡು ಕಾದೆ. ಆಮೇಲೆ ಹೇಳಿದಳು.

ಎಲ್ಲ ಸೂಪರ್‌ವೈಸರ್‌ಗಳೂ ಹೀಗಿರುವುದಿಲ್ಲ, ಅದನ್ನೂ ಹೇಳಬೇಕು. ನಡುವೆ ಆರು ವಾರ ನನ್ನನ್ನು ಬೇರೊಂದು ಕಡೆ ಹಾಕಿದ್ದರು. ಅಲ್ಲಿನವರು ಸೂಪರ್‌ವಿಷನ್‌ಗೆ ಕೂತಿದ್ದು ಎರಡೇ ಸಲ. ಆದರೆ ಲಾಗ್‌ಬುಕ್‌ನಲ್ಲಿ ಆರು ವಾರಕ್ಕೂ ಸಹಿ ಹಾಕುತ್ತೇನೆ, ಗಂಟೆ ತುಂಬಿಸಿಕೊಂಡು ಬಾ ಅಂದರು. ಜೊತೆಯಲ್ಲಿದ್ದ ಕೆಲವರು ತುಂಬಿಸಿದರು. ಅವರನ್ನು ದೂರುವುದಿಲ್ಲ, ಗಂಟೆ ಕಡಿಮೆ ಬಿದ್ದರೆ ಕೋರ್ಸ್ ಮುಗಿಯುವುದಿಲ್ಲ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ನಾನು ನಡೆದ ಎರಡನ್ನು ಮಾತ್ರ ಬರೆದು ಕೋಆರ್ಡಿನೇಟರ್ ಹತ್ತಿರ ಹೋದೆ. ಉಳಿದ ಗಂಟೆಗಳನ್ನು ಆಮೇಲೆ ಬೇರೆಯವರ ಜೊತೆ ಮಾಡಿಸಿದರು, ನನ್ನ ಪ್ಲೇಸ್‌ಮೆಂಟ್ ಮೂರು ವಾರ ತಡವಾಗಿ ಮುಗಿಯಿತು. ನನ್ನ ಅಭಿಪ್ರಾಯ ಇಷ್ಟೇ: ನಡೆಯದ ಸೂಪರ್‌ವಿಷನ್‌ಗೆ ಸಹಿ ಹಾಕುವುದು ಸಣ್ಣ ತಪ್ಪಲ್ಲ. ಆ ನಾಲ್ಕು ವಾರ ನಾನು ನೋಡಿದ ಕ್ಲೈಂಟ್‌ಗಳ ಬಗ್ಗೆ ನನ್ನ ಜೊತೆ ಯಾರೂ ಯೋಚಿಸಿರಲಿಲ್ಲ. ಆದರೆ ಆ ಕ್ಲೈಂಟ್‌ಗಳಿಗೆ ನಾನು ಮೊದಲ ದಿನವೇ ಹೇಳಿದ್ದೆ, ನನ್ನ ಕೆಲಸವನ್ನು ನೋಡಿಕೊಳ್ಳುವವರು ಒಬ್ಬರು ಇದ್ದಾರೆ ಅಂತ.

ಮಧ್ಯದ ಮೌಲ್ಯಮಾಪನ, ಕೊನೆಯ ಕೇಸ್ ಪ್ರೆಸೆಂಟೇಷನ್ ಎಲ್ಲ ಹೇಗೋ ಆಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ. ಕ್ಲೈಂಟ್‌ಗಳನ್ನು ಬಿಟ್ಟು ಬರುವುದು ಕಷ್ಟ ಆಯಿತು. ನಾಲ್ಕು ಸೆಷನ್ ಬಾಕಿ ಇರುವಾಗಲೇ ಹೇಳು, ಪ್ರತಿ ಸೆಷನ್‌ನಲ್ಲೂ ನೆನಪಿಸು, ಕೊನೆಯ ದಿನ ತಟ್ಟನೆ ಹೇಳಬೇಡ ಅಂದಿದ್ದರು ಮೇಡಂ. ಇಬ್ಬರು ಕ್ಲೈಂಟ್ ಕೊನೆಯ ಸೆಷನ್‌ಗೆ ಬರಲೇ ಇಲ್ಲ. ಅದೂ ಒಂದು ಉತ್ತರ ಅಂತ ತಿಳಿದು ಫೋನ್ ಮಾಡಿ ವಿದಾಯ ಹೇಳಿದೆ.

ನಿದ್ದೆ ಬಾರದೆ ಬಂದಿದ್ದವರು ಕೊನೆಯವರೆಗೂ ಬಂದರು. ಅವರ ಪಿಎಚ್‌ಕ್ಯೂ ಆರಕ್ಕೆ ಇಳಿದಿತ್ತು. ಒಂಬತ್ತನೆಯದರಲ್ಲಿ ಮೂರು ವಾರದಿಂದ ಸೊನ್ನೆ. ಸೊನ್ನೆ ಇದ್ದರೂ ಬಾಯಿ ಬಿಟ್ಟು ಕೇಳಿದೆ, ಈ ಎರಡು ವಾರದಲ್ಲಿ ಸಾಯಬೇಕು ಅಂತ ಒಂದು ಸಲವಾದರೂ ಅನ್ನಿಸಿತಾ ಅಂತ. 'ಇಲ್ಲಮ್ಮಾ. ರಾತ್ರಿ ಎದ್ದರೆ ಲೈಟ್ ಹಾಕ್ತೀನಿ, ಅವಳನ್ನೂ ಎಬ್ಬಿಸ್ತೀನಿ' ಅಂದರು. ಮುಂದೆ ಅವರನ್ನು ನೋಡಿಕೊಳ್ಳುವ ಹೊಸ ಟ್ರೇನಿ ಬಾಗಿಲ ಹತ್ತಿರ ನಿಂತಿದ್ದಳು. ಒಳಗೆ ಕರೆದು ಪರಿಚಯ ಮಾಡಿಸಿದೆ. ಅವಳು ಕೂತು, ನಾನು ತರಬೇತಿಯಲ್ಲಿದ್ದೇನೆ ಅನ್ನುವುದನ್ನು ಬೇಗ ಬೇಗ ಹೇಳಿ ಮುಗಿಸಲು ನೋಡಿದಳು. ಅವರು 'ನಿಧಾನ ಹೇಳಮ್ಮಾ, ನಿಮ್ಮ ಮೇಡಂ ಯಾರು?' ಅಂತ ಕೇಳಿದರು. ನಾನು ಫೈಲ್ ಅವಳ ಕೈಗೆ ಕೊಟ್ಟೆ. ಸೇಫ್ಟಿ ಪ್ಲಾನ್ ಎಲ್ಲದಕ್ಕಿಂತ ಮೇಲೆ ಇತ್ತು.